ಅಧ್ಯಕ್ಷೆ ಆದೆ, ಮುಂದೇನು?

ಪ್ರಶ್ನೆ: ಅಕ್ಕಾ, ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ. ತರಬೇತಿಯಲ್ಲಿ ‘ನಿಮ್ಮ ಮೌಲ್ಯಗಳೇನು, ಗುರಿಯೇನು ಬರೆಯಿರಿ’ ಅಂದರು. ಪ್ರಾಮಾಣಿಕತೆ, ಸೇವೆ ಅಂತ ಬರೆದೆ. ಅದು ನನ್ನದೇ ಮಾತು ಅನ್ನಿಸಲಿಲ್ಲ. ಏನು ಮಾಡಲಿ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಅನ್ನಿಸದೇ ಇದ್ದದ್ದು ಒಳ್ಳೆಯದೇ ಆಯಿತು ತಂಗಿ. ಆ ಪದಗಳನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ನಿಮಗೆ ಯಾವಾಗ ತುಂಬಾ ಸಿಟ್ಟು ಬಂದಿತ್ತು, ಅದನ್ನು ನೆನಪು ಮಾಡಿಕೊಳ್ಳಿ. ಫ್ಯಾಟು (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಎಷ್ಟು ಬಂತು ಅಂತ ತೋರಿಸದೆ ಬಡ ಹೆಂಗಸೊಬ್ಬಳ ಹಾಲಿಗೆ ಕಡಿಮೆ ದರ ಬರೆದಾಗಲೇ? ಹಾಗಿದ್ದರೆ ನಿಮ್ಮ ಮೌಲ್ಯ ಅಲ್ಲೇ ಇದೆ. ಅದನ್ನು ಹೀಗೆ ಬರೆಯಿರಿ: ‘ಹಾಲು ಹಾಕುವ ಪ್ರತಿಯೊಬ್ಬಳೂ ತನ್ನ ಹಾಲಿನ ಅಳತೆ, ಪರೀಕ್ಷೆ ಎರಡನ್ನೂ ಕಣ್ಣಾರೆ ನೋಡಬೇಕು, ಚೀಟಿ ಕೈಗೆ ಸಿಗಬೇಕು.’ ಇದು ಗುರಿ. ನಾಳೆ ಬೆಳಿಗ್ಗೆಯೇ ಶುರು ಮಾಡಬಹುದು.

ಕಷ್ಟ ಬರುವುದು ಆಮೇಲೆ. ನಿಮ್ಮ ಓರಗಿತ್ತಿಯ ಹಾಲಿನಲ್ಲಿ ನೀರು ಸಿಕ್ಕಿತು ಅಂತಿಟ್ಟುಕೊಳ್ಳಿ, ಆಗಲೂ ಬೇರೆಯವರಿಗೆ ಹೇಳಿದ ಹಾಗೇ ವಾಪಸ್ ಒಯ್ಯಿ ಅನ್ನುತ್ತೀರಾ? 1956ರಲ್ಲಿ ಈಗಿನ ತಮಿಳುನಾಡಿನ ಅರಿಯಲೂರಿನಲ್ಲಿ ರೈಲು ಅಪಘಾತವಾದಾಗ ಲಾಲ್ ಬಹದ್ದೂರ್ ಶಾಸ್ತ್ರಿ ರೈಲ್ವೆ ಮಂತ್ರಿ. ರೈಲು ಓಡಿಸಿದ್ದು ಅವರಲ್ಲ, ಆದರೂ ಹೊಣೆ ನನ್ನದು ಅಂತ ರಾಜೀನಾಮೆ ಕೊಟ್ಟರು. ನಷ್ಟವಾದರೂ ಬಿಡದೆ ಹಿಡಿದುಕೊಳ್ಳುವುದನ್ನೇ ನಾನು ಮೌಲ್ಯ ಅನ್ನುವುದು.

ಒಂದೆರಡು ಸಾಕು, ಜಾಸ್ತಿ ಬೇಡ. ಬರೆದದ್ದನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ, ‘ನಾನು ತಪ್ಪಿದರೆ ಕೇಳಿ’ ಅಂತ ಸದಸ್ಯರಿಗೇ ಹೇಳಿಬಿಡಿ. ಹೇಗಾಯಿತು ಅಂತ ನನಗೂ ಬರೆಯಿರಿ.