ಸ್ಟಾರ್ ಆಟಗಾರನನ್ನು ಇಟ್ಟುಕೊಳ್ಳುವುದೋ, ಟ್ರೇಡ್ ಮಾಡುವುದೋ?

ಜುಲೈ ಬಂತೆಂದರೆ, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ‘ಟ್ರೇಡ್’ ಗಡುವು ಹತ್ತಿರವಾದರೆ, ಬೇಸ್‌ಬಾಲ್ ನೋಡುವ ಅಮೆರಿಕದ ಕನ್ನಡಿಗರಿಂದ ಇವೇ ಪ್ರಶ್ನೆಗಳು. ಒಂದಕ್ಕೆ ಈ ಸಲ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ.

ಪ್ರಶ್ನೆ: 2022ರಲ್ಲಿ ಹುವಾನ್ ಸೋಟೊ ಅವರನ್ನು ಬಿಟ್ಟುಕೊಟ್ಟು ವಾಷಿಂಗ್ಟನ್ ನ್ಯಾಷನಲ್ಸ್ ಎಡವಲಿಲ್ಲವೇ? ಸ್ಟಾರ್ ಇದ್ದಾಗ ಕೊನೆತನಕ ಇಟ್ಟುಕೊಳ್ಳಬೇಕಲ್ಲವೇ?

ಎಡವಲಿಲ್ಲ. ಆಟಗಾರ ತಂಡದ ಕೈತಪ್ಪಲು ಎಷ್ಟು ಸೀಸನ್ ಬಾಕಿ ಇದೆ ಎಂದು ಮೊದಲು ಎಣಿಸಿ. 172 ದಿನ ಮೇಜರ್ ಲೀಗ್ (ಬೇಸ್‌ಬಾಲ್‌ನ ಅತ್ಯುನ್ನತ ಲೀಗ್) ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸರ್ವಿಸ್. ಅಂಥ ಆರು ವರ್ಷ ತುಂಬಿದ ಮೇಲೆ ಆಟಗಾರ ಫ್ರೀ ಏಜೆಂಟ್, ಅಂದರೆ ಯಾವ ತಂಡಕ್ಕಾದರೂ ಹೋಗಬಹುದು. 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆಂದರೂ ಸೋಟೊ ಬೇಡವೆಂದಾಗ ಎರಡೂವರೆ ಸೀಸನ್ ಬಾಕಿಯಿತ್ತು. ಅಂದರೆ ಕೊಳ್ಳುವವರಿಗೆ ಮೂರು ಅಕ್ಟೋಬರ್ (ಪ್ಲೇಆಫ್ ನಡೆಯುವ ತಿಂಗಳು) ಸಿಗುತ್ತಿತ್ತು, ಅದೂ ಮಾರುಕಟ್ಟೆಗಿಂತ ಕಡಿಮೆ ಸಂಬಳಕ್ಕೆ. ಸ್ಯಾನ್ ಡಿಯಾಗೊ ಪಾಡ್ರೆಸ್ ಆರು ಜನರನ್ನು ಕೊಟ್ಟದ್ದು ಅದಕ್ಕೇ. ಅವರಲ್ಲಿ ಏಬ್ರಮ್ಸ್, ಗೋರ್, ವುಡ್ ಮೂವರೂ ಆಮೇಲೆ ಆಲ್‌ಸ್ಟಾರ್ (ಲೀಗ್‌ನ ಶ್ರೇಷ್ಠರ ಪಂದ್ಯಕ್ಕೆ ಆಯ್ಕೆಯಾದವರು) ಆದರು. ಹಾಗೆಂದು ತಂಡ ಕೂಡಲೇ ಮೇಲೇಳಲಿಲ್ಲ: 2023, 2024 ಎರಡರಲ್ಲೂ 71 ಗೆಲುವು, 91 ಸೋಲು. ವುಡ್ ಟ್ರೇಡ್ ಆದಾಗ 19ರ ಹುಡುಗ, ಮೇಜರ್ ಲೀಗ್‌ಗೆ ಕಾಲಿಟ್ಟದ್ದು 2024ರ ಜುಲೈನಲ್ಲಿ. ಅಷ್ಟು ಕಾಯುವ ತಾಳ್ಮೆ ಇಲ್ಲದ ಮಾಲೀಕರು ಈ ದಾರಿಗೆ ಬರಲೇಬಾರದು.

ಕೊನೆತನಕ ಇಟ್ಟುಕೊಂಡರೆ ಏನಾಗುತ್ತದೆ? 2023ರ ಏಂಜಲ್ಸ್ ತಂಡ ನೋಡಿ. ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡುವ ಸ್ಟಾರ್ ಓಟಾನಿಯ ಒಪ್ಪಂದ ಮುಗಿಯಲು ಎರಡೇ ತಿಂಗಳಿದ್ದಾಗಲೂ ಟ್ರೇಡ್ ಮಾಡಲಿಲ್ಲ. ಸಾಲದ್ದಕ್ಕೆ, ಪಿಚರ್ (ಚೆಂಡೆಸೆಯುವವ) ಜಿಯೊಲಿಟೊನನ್ನು ತರಲು ತಮ್ಮ ಎಳೆ ಪ್ರತಿಭೆಗಳನ್ನೂ ಕೊಟ್ಟರು. ಆಗಸ್ಟ್ 23ರಂದು ಓಟಾನಿಯ ಮೊಣಕೈ ಲಿಗಮೆಂಟ್ ಹರಿಯಿತು, ತಂಡ 73 ಗೆಲುವಿಗೆ ನಿಂತಿತು, ಡಿಸೆಂಬರ್‌ನಲ್ಲಿ ಓಟಾನಿ 70 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರಿದರು. ಏಂಜಲ್ಸ್‌ಗೆ ಸಿಕ್ಕಿದ್ದು ಎರಡನೇ ಸುತ್ತಿನ ನಂತರದ ಒಂದು ಡ್ರಾಫ್ಟ್ ಪಿಕ್, ಅಂದರೆ ಹೊಸಬರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಸರದಿ.

ಒಪ್ಪಂದದ ಕೊನೆಯ ಜುಲೈನಲ್ಲಿ ಆಟಗಾರನ ಬೆಲೆ ಕುಸಿಯಲು ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಆ ಡ್ರಾಫ್ಟ್ ಪಿಕ್ ಸಿಗಬೇಕಾದರೆ ತಂಡ ಮೊದಲು ಕ್ವಾಲಿಫೈಯಿಂಗ್ ಆಫರ್ ಎಂಬ ಒಂದು ವರ್ಷದ ಒಪ್ಪಂದ ಮುಂದಿಟ್ಟಿರಬೇಕು, ಸೀಸನ್ ಮಧ್ಯೆ ತಂಡ ಬದಲಿಸಿದವನಿಗೆ ಅದನ್ನು ಕೊಡುವಂತಿಲ್ಲ. ಹಾಗಾಗಿ ಅವನು ಬಿಟ್ಟುಹೋದರೆ ಕೊಂಡ ತಂಡಕ್ಕೆ ಆ ಪಿಕ್ ಕೂಡ ಇಲ್ಲ. ಅವರು ಅದನ್ನೂ ಕಳೆದೇ ಬೆಲೆ ಹೇಳುತ್ತಾರೆ.

ನನ್ನ ಸಲಹೆ ಇಷ್ಟು: ಎರಡು ಸೀಸನ್ ಬಾಕಿ ಇರುವಾಗಲೇ ದೀರ್ಘ ಒಪ್ಪಂದ ಮುಂದಿಡಿ. ಒಪ್ಪದಿದ್ದರೆ ಆ ಚಳಿಗಾಲದಲ್ಲೇ ಮಾರಿ. ಬದಲಿಗೆ ಎಳೆಯ ಪಿಚರ್‌ಗಳನ್ನೇ ಗುಡ್ಡೆ ಹಾಕಿಕೊಳ್ಳಬೇಡಿ, ಪಿಚರ್ ಮೊಣಕೈಯನ್ನು ನಂಬುವಂತಿಲ್ಲ. ಟ್ರೇಡ್ ಆದ ದಿನ ಗೋರ್ ಕೂಡ ಮೊಣಕೈ ನೋವಿನಿಂದ ಗಾಯಾಳುಗಳ ಪಟ್ಟಿಯಲ್ಲಿದ್ದರು. ವೈದ್ಯಕೀಯ ವರದಿ ನೋಡುವ ಮುನ್ನ ಕೈ ಕುಲುಕಬೇಡಿ: 2020ರಲ್ಲಿ ಮೂಕಿ ಬೆಟ್ಸ್ ಟ್ರೇಡ್‌ನಲ್ಲಿ ಬದಲಿಗೆ ಬರಬೇಕಿದ್ದ ಪಿಚರ್ ಗ್ರಟೆರೋಲ್ ಅವರ ವರದಿಗೆ ರೆಡ್ ಸಾಕ್ಸ್ ತಕರಾರು ತೆಗೆದು, ಇಡೀ ಒಪ್ಪಂದವನ್ನೇ ಮತ್ತೆ ಹೆಣೆಯಬೇಕಾಯಿತು. ನೋ-ಟ್ರೇಡ್ ಷರತ್ತನ್ನೂ (ಒಪ್ಪಿಗೆಯಿಲ್ಲದೆ ಆಟಗಾರನನ್ನು ಕಳಿಸುವಂತಿಲ್ಲ ಎಂಬ ಮಾತು) ಮೊದಲೇ ಓದಿ. ಸೋಟೊ ಟ್ರೇಡ್‌ನಲ್ಲಿ ಪಾಡ್ರೆಸ್‌ನ ಹಾಸ್ಮರ್ ವಾಷಿಂಗ್ಟನ್‌ಗೆ ಬರುವುದಿಲ್ಲ ಎಂದು ಪಟ್ಟು ಹಿಡಿದದ್ದರಿಂದ ಅವರ ಜಾಗಕ್ಕೆ ವಾಯ್ಟ್ ಬಂದದ್ದು.

ಅಕ್ಟೋಬರ್‌ನಲ್ಲಿ ಗೆಲ್ಲುವ ತಂಡ ನಿಜಕ್ಕೂ ಇದ್ದರೆ ಮಾತ್ರ ಕೊನೆಯ ವರ್ಷ ಇಟ್ಟುಕೊಳ್ಳಿ. 2024ರ ಒಂದೇ ಸೀಸನ್‌ಗಾಗಿ ಯಾಂಕೀಸ್ ಪಾಡ್ರೆಸ್‌ನಿಂದ ಸೋಟೊನನ್ನು ತಂದು ವರ್ಲ್ಡ್ ಸೀರೀಸ್‌ (ಲೀಗ್‌ನ ಅಂತಿಮ ಸರಣಿ) ವರೆಗೆ ಹೋದರು. ಆಮೇಲೆ ಸೋಟೊ 76.5 ಕೋಟಿ ಡಾಲರ್‌ಗೆ ಮೆಟ್ಸ್ ಸೇರಿದ್ದಕ್ಕೆ ಆ ಟ್ರೇಡ್ ತಪ್ಪೆನ್ನಲಾಗದು. ಆದರೆ ‘ನಿಜಕ್ಕೂ’ ಅಂದರೆ ನಿಜಕ್ಕೂ. ಐದು ಪಂದ್ಯ ಸತತ ಗೆದ್ದದ್ದು ಲೆಕ್ಕಕ್ಕಿಲ್ಲ.

ಪ್ರಶ್ನೆ: ಟ್ರೇಡ್ ವ್ಯಾಲ್ಯೂ ಲೆಕ್ಕ ಹಾಕುವ ವೆಬ್‌ಸೈಟ್ ನಂಬಬಹುದೇ?
ಮೊಣಕೈಯ ಎಂಆರ್‌ಐ ಅದರ ಬಳಿ ಇದೆಯೇ? ಇಲ್ಲವಲ್ಲ, ಜ್ಯೋತಿಷಿಯನ್ನೇ ಕೇಳಿ, ಕನಿಷ್ಠ ಕಾಫಿಯಾದರೂ ಸಿಕ್ಕೀತು.

ಪ್ರಶ್ನೆ: ಈಗ ಮಾರಿ, ಚಳಿಗಾಲದಲ್ಲಿ ಮತ್ತೆ ಕರೆಸಿಕೊಳ್ಳಬಹುದಲ್ಲ?
2016ರಲ್ಲಿ ಚಾಪ್‌ಮನ್ ವಿಷಯದಲ್ಲಿ ಯಾಂಕೀಸ್ ಮಾಡಿತ್ತು. ಅದನ್ನು ನಂಬಿ ಯೋಜನೆ ಹಾಕಬೇಡಿ.

ಪ್ರಶ್ನೆ: ಐಪಿಎಲ್‌ನಂತೆ ಸಂಬಳದ ಮಿತಿ ಮುಟ್ಟಿದ್ದಕ್ಕೆ ಬಿಡುತ್ತಾರೆಯೇ?
ಇಲ್ಲಿ ಅಂಥ ಮಿತಿಯೇ ಇಲ್ಲ. ಇರುವುದು ಲಕ್ಷುರಿ ಟ್ಯಾಕ್ಸ್, ಅಂದರೆ ಸಂಬಳದ ಮೊತ್ತ ಒಂದು ಮಟ್ಟ ದಾಟಿದರೆ ಕಟ್ಟುವ ತೆರಿಗೆ. ಕಟ್ಟುವ ಮನಸ್ಸಿದ್ದವರು ಕಟ್ಟುತ್ತಾರೆ.

ಪ್ರಶ್ನೆ: ಆಟಗಾರನ ಒಪ್ಪಿಗೆ ಬೇಡವೇ?
ಹತ್ತು ವರ್ಷದ ಸರ್ವಿಸ್ ಇದ್ದು, ಕೊನೆಯ ಐದು ಇದೇ ತಂಡದಲ್ಲಾಗಿದ್ದರೆ ಬೇಕು. ಒಪ್ಪಂದದಲ್ಲಿ ನೋ-ಟ್ರೇಡ್ ಬರೆಸಿಕೊಂಡಿದ್ದರೂ ಬೇಕು. ಉಳಿದವರು ಸೂಟ್‌ಕೇಸ್ ತುಂಬಬೇಕು, ಅಷ್ಟೆ.