ಪ್ರತಿಕ್ರಿಯೆ: ಒಂದೇ ಪೇಟೆಂಟಿಗೆ ಎರಡು ನಂಬರ್, ಯಾವುದನ್ನು ಉಲ್ಲೇಖಿಸಬೇಕು?
ನಿಮ್ಮ ಪ್ರಬಂಧದಲ್ಲಿ ಉಲ್ಲೇಖಿಸಿದ ಪೇಟೆಂಟಿಗೆ ಎರಡು ನಂಬರ್ ಇವೆ, ಯಾವುದನ್ನು ಕೊಡಬೇಕು ಅಂತ ಕೇಳಿದ್ದೀರಿ. ಜರ್ನಲ್ಲಿನ ವಿಮರ್ಶಕರು ‘ಇಸವಿ ತಾಳೆಯಾಗುತ್ತಿಲ್ಲ’ ಅಂದಿರುವುದು ಬಹುಶಃ ನೀವು ಅರ್ಜಿಯ ನಂಬರಿಗೆ ಮಂಜೂರಾದ ವರ್ಷ ಜೋಡಿಸಿರುವುದಕ್ಕೆ. ಅಮೆರಿಕದ ಪೇಟೆಂಟ್ ಅಂದಿದ್ದೀರಿ, ಹಾಗಾಗಿ ಮೊದಲು ನಂಬರಿನ ಬಾಲ ನೋಡಿ: ಎ1 ಇದ್ದರೆ ಬರೀ ಪ್ರಕಟಿತ ಅರ್ಜಿ, ಬಿ1 ಅಥವಾ ಬಿ2 ಇದ್ದರೆ ಮಂಜೂರಾದದ್ದು. ಮಂಜೂರಾದದ್ದನ್ನೇ ಕೊಡಿ. ಆದರೆ ಕ್ಲೇಮುಗಳು (ಯಾವುದರ ಮೇಲೆ ಹಕ್ಕು ಎಂದು ಹೇಳುವ ಅಂಶಗಳು) ನಡುವೆ ಬದಲಾಗಿರಬಹುದು, ನೀವು ಚರ್ಚಿಸಿದ ಕ್ಲೇಮು ಅದರಲ್ಲಿದೆಯೇ ಅಂತ ಓದಿ ಖಚಿತಪಡಿಸಿಕೊಳ್ಳಿ.

ಆಮೇಲೆ ಮೊದಲ ಪುಟದಲ್ಲಿ (45) ಗುರುತಿನ ಪಕ್ಕದ ದಿನಾಂಕ ತೆಗೆದುಕೊಳ್ಳಿ. (22) ಅರ್ಜಿ ಸಲ್ಲಿಸಿದ ದಿನ, ಅದು ಬೇಡ. ಲೇಖಕರ ಜಾಗದಲ್ಲಿ ಆವಿಷ್ಕಾರಕರ ಹೆಸರು ಬರಬೇಕು, ಕಂಪನಿಯದಲ್ಲ.

ಜರ್ನಲ್ ಯಾವುದೆಂದು ಬರೆದಿಲ್ಲ. ಐಇಇಇ (ಎಂಜಿನಿಯರುಗಳ ಸಂಸ್ಥೆ) ಶೈಲಿಯಾದರೆ, ಗೂಗಲ್ ಹುಡುಕಾಟದಲ್ಲಿ ಪುಟಗಳಿಗೆ ಸ್ಥಾನ ಕೊಡುವ ಪೇಜ್‌ರ‍್ಯಾಂಕ್ ಪೇಟೆಂಟ್ ಹೀಗೆ ಬರುತ್ತದೆ: ಎಲ್. ಪೇಜ್, “ಶೀರ್ಷಿಕೆ,” ಯು.ಎಸ್. ಪೇಟೆಂಟ್ 6 285 999, ಸೆಪ್ಟೆಂಬರ್ 4, 2001. ಅರ್ಜಿ ಹಾಕಿದ್ದು 1998ರಲ್ಲಿ, ಹಕ್ಕು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ್ದಾಗಿತ್ತು. ಎರಡೂ ಇಲ್ಲಿ ಬರುವುದಿಲ್ಲ.