ಹೋಗಿ ಬರ್ತೀನಿ ಅನ್ನುವ ಮೊದಲು

ಪತ್ರದ ಸಾರ: ನಾನು ಚಳ್ಳಕೆರೆ ತಾಲ್ಲೂಕಿನವಳು, ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿದ್ದೇನೆ. ಮೇ 19ರಿಂದ ದಾವಣಗೆರೆಯ ಒಂದು ಲ್ಯಾಬಿನಲ್ಲಿ ಎಂಟು ವಾರದ ಬೇಸಿಗೆ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಶೇಂಗಾ ಬೇರುಗಂಟಿನಿಂದ ರೈಜೋಬಿಯಂ, ಅಂದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ, ಬೇರ್ಪಡಿಸುವ ಕೆಲಸ. ಜುಲೈ 13ಕ್ಕೆ ಮುಗಿಯುತ್ತದೆ. ಸಿಕ್ಕ ಹನ್ನೆರಡು ಐಸೊಲೇಟ್‌ಗಳಲ್ಲಿ (ಬೇರ್ಪಡಿಸಿದ ಬ್ಯಾಕ್ಟೀರಿಯಾ ಮಾದರಿಗಳಲ್ಲಿ) ಏಳು ಶುದ್ಧವಾಗಿ ಕಾಣುತ್ತಿವೆ, ಐದರಲ್ಲಿ ಇನ್ನೂ ಎರಡು ಬಗೆಯ ಕಾಲೊನಿ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆ) ಬರುತ್ತಿದೆ. ಕೆಲಸ ಅರ್ಧಕ್ಕೇ ಬಿಟ್ಟು ಹೊರಟಂತಾಗಿ ಗೈಡ್ ಮೇಡಂ ಮುಖ ನೋಡಲು ಸಂಕೋಚ. ಕೊನೆಯ ದಿನ ಏನು ಹೇಳಿ ಬರಬೇಕು? ಶಾಲು, ಹಾರ ಒಯ್ಯಬೇಕೇ? ಶಿಫಾರಸು ಪತ್ರ ಕೇಳಬಹುದೇ? ಪಿಎಚ್‌ಡಿ ಮಾಡುವ ಅಕ್ಕನ ಜೊತೆ ಎಷ್ಟು ಹೊಂದಿಕೊಂಡಿದ್ದೇನೆಂದರೆ ಹೊರಡುವುದು ಹೇಗೆಂದೇ ತಿಳಿಯುತ್ತಿಲ್ಲ.

ಸಂಪಾದಕರ ಉತ್ತರ: ತಂಗಿ, ನೀವು ಜುಲೈ 3ರಂದು ಬರೆದಿದ್ದೀರಿ. ಆಗ ಉಳಿದಿದ್ದದ್ದು ಹತ್ತೇ ದಿನ. ಸಂಚಿಕೆ ಅಚ್ಚಾಗುವವರೆಗೆ ಕಾಯಬಾರದೆಂದು ತುರ್ತಿನ ಮಾತುಗಳನ್ನು ನಿಮಗೆ ಮೊದಲೇ ಬರೆದು ಕಳಿಸಿದೆವು. ಪ್ರತಿ ಜುಲೈಯಲ್ಲೂ ಇದೇ ಸಂಕಟದಲ್ಲಿರುವ ಹುಡುಗ ಹುಡುಗಿಯರು ಬಹಳ ಇರುವುದರಿಂದ ಪೂರ್ತಿ ಉತ್ತರ ಇಲ್ಲಿ ಕೊಡುತ್ತಿದ್ದೇವೆ.

ಮೊದಲು ಆ ಸಂಕೋಚವನ್ನು ಇಳಿಸಿಬಿಡಿ. ಲೆಕ್ಕ ಹಾಕಿ ನೋಡಿ. ಮೇ 19ರಿಂದ ಜುಲೈ 13ಕ್ಕೆ 56 ದಿನ. ಮರಳು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಶುದ್ಧಗೊಳಿಸಿ), ಬೀಜ ತೊಳೆದು, ಕುಂಡಕ್ಕೆ ಹಾಕಿ, ಹೊಲದ ಮಣ್ಣು ಕದಡಿದ ನೀರು ಬಿಡುವಷ್ಟರಲ್ಲಿ ಎರಡು ಮೂರು ದಿನ ಹೋಗುತ್ತದೆ. ಕಿತ್ತು ಬಿಡಿಸುವಷ್ಟು ಗಂಟು ಬೇರಿನ ಮೇಲೆ ಮೂಡಲು ನಾಲ್ಕು ವಾರ ಬೇಕು. ಶೇಂಗಾದ ಗಂಟಿನಲ್ಲಿ ಹೆಚ್ಚಾಗಿ ಇರುವುದು ಬ್ರಾಡಿರೈಜೋಬಿಯಂ, ರೈಜೋಬಿಯಂ ಗುಂಪಿನಲ್ಲೇ ನಿಧಾನಕ್ಕೆ ಬೆಳೆಯುವ ಬಗೆ. ಅದರ ಕಾಲೊನಿ ಕಣ್ಣಿಗೆ ಕಾಣಲು ಐದರಿಂದ ಏಳು ದಿನ, ಒಮ್ಮೊಮ್ಮೆ ಇನ್ನೂ ಹೆಚ್ಚು. ಮೊದಲ ಪ್ಲೇಟಿಗೆ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಒಂದು ವಾರ, ಮರು ಸ್ಟ್ರೀಕಿಗೆ (ಒಂದೇ ಕಾಲೊನಿಯನ್ನು ಹೊಸ ಪ್ಲೇಟಿನ ಮೇಲೆ ಮತ್ತೆ ಎಳೆಯುವುದು) ಇನ್ನೊಂದು, ದಾಸ್ತಾನಿಗಾಗಿ ದ್ರವ ಮಾಧ್ಯಮದಲ್ಲಿ (ಪೋಷಕಾಂಶ ಕರಗಿಸಿದ ನೀರು) ಬೆಳೆಸಲು ಮತ್ತೊಂದು. ಅಲ್ಲಿಗೆ 52 ದಿನ ಆಯಿತು. ಬೇರ್ಪಡಿಸಿದ ಬ್ಯಾಕ್ಟೀರಿಯಾ ನಿಜಕ್ಕೂ ಗಂಟು ಕಟ್ಟುತ್ತದೆಯೇ ಎಂದು ಹೊಸ ಗಿಡಕ್ಕೆ ಹಾಕಿ ನೋಡಬೇಕಾದರೆ ಮತ್ತೆ ನಾಲ್ಕೈದು ವಾರ. ಎಂಟು ವಾರದಲ್ಲಿ ಈ ಕೆಲಸ ಯಾರ ಕೈಯಲ್ಲೂ ಮುಗಿಯುವುದಿಲ್ಲ, ಮೇಡಂಗೆ ಅದು ನಿಮಗಿಂತ ಚೆನ್ನಾಗಿ ಗೊತ್ತಿದೆ. ನಡುವೆ ನಿಲ್ಲುವ ಕೆಲಸವೆಂದು ತಿಳಿದೇ ನಿಮ್ಮ ಕೈಗೆ ಕೊಟ್ಟಿದ್ದಾರೆ. ಅವರು ಎದುರು ನೋಡುತ್ತಿರುವುದು, ನೀವು ನಿಲ್ಲಿಸಿದ ಜಾಗದಿಂದ ಇನ್ನೊಬ್ಬರು ಹಿಡಿದುಕೊಂಡು ಮುಂದೆ ಹೋಗಲು ಆಗುತ್ತದೋ ಇಲ್ಲವೋ ಎಂಬುದನ್ನು.

ನಮ್ಮ ಕಡೆ ಮನೆಯಿಂದ ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ, 'ಹೋಗಿ ಬರ್ತೀನಿ' ಅನ್ನುತ್ತಾರೆ. ಲ್ಯಾಬಿನಲ್ಲೂ ಅದೇ ಮಾತು ಹೇಳಿ ಹೊರಡಿ. ಆದರೆ ಮತ್ತೆ ಬರುವವರು ಬಿಟ್ಟು ಹೋಗುವಂತೆ ನಿಮ್ಮ ಸಾಮಾನು ಬಿಟ್ಟಿರಬೇಕು. ಆ ಹತ್ತು ದಿನಕ್ಕೆ ನಾವು ಹೇಳಿದ್ದು ಇಷ್ಟು.

ಶುದ್ಧವಾಗಿ ಕಾಣುವ ಏಳನ್ನು ಅವತ್ತೇ ದ್ರವ ಮಾಧ್ಯಮಕ್ಕೆ ಹಾಕಿ. ಜುಲೈ 10ರ ಹೊತ್ತಿಗೆ ನೀರು ಕದಡಿದಂತಾಗಿರುತ್ತದೆ. ಅದರಿಂದ ಅರ್ಧ ಮಿ.ಲೀ., ಆಟೋಕ್ಲೇವ್ ಮಾಡಿದ ಶೇ. 50ರ ಗ್ಲಿಸರಾಲ್ ಅರ್ಧ ಮಿ.ಲೀ., ಎರಡನ್ನೂ ವಯಲಿನಲ್ಲಿ (ಮುಚ್ಚಳದ ಪುಟ್ಟ ಸೀಸೆ) ಚೆನ್ನಾಗಿ ಬೆರೆಸಿ. ಗ್ಲಿಸರಾಲ್ ಭಾರ, ತಳಕ್ಕೆ ಕೂರುತ್ತದೆ. ಸರಿಯಾಗಿ ಬೆರೆಯದಿದ್ದರೆ ಮೇಲಿನ ಜೀವಕೋಶಗಳು ಮಂಜುಗಟ್ಟಿ ಒಡೆಯುತ್ತವೆ. ಪ್ರತಿ ಐಸೊಲೇಟಿಗೆ ಎರಡು ವಯಲ್ ಮಾಡಿ, ಬೇರೆ ಬೇರೆ ಡಬ್ಬಿಯಲ್ಲಿಡಿ, ಆದರೆ ಮೈನಸ್ 80ರ ಫ್ರೀಜರ್‌ನಲ್ಲೇ ಇಡಿ. ಅದೇ ದ್ರವದ ಒಂದು ಹನಿಯನ್ನು ಹೊಸ ಪ್ಲೇಟಿನ ಮೇಲೂ ಎಳೆದು ಅಕ್ಕನಿಗೆ ಕೊಡಿ. ಅದು ಬೆಳೆಯುವುದು ನೀವು ಊರಿಗೆ ಹೋದ ಮೇಲೆ. ದಾಸ್ತಾನಿಗೆ ಬೇರೇನಾದರೂ ಸೇರಿಕೊಂಡಿದ್ದರೆ ಗೊತ್ತಾಗುವುದು ಆ ಪ್ಲೇಟಿನಲ್ಲೇ.

ಮಿಶ್ರವಾಗಿರುವ ಐದನ್ನು ಒಂದು ಸಲ ಮಾತ್ರ ಮರು ಸ್ಟ್ರೀಕ್ ಮಾಡಿ, ಅಲ್ಲಿಗೆ ಕೈ ನಿಲ್ಲಿಸಿ. ಕೊನೆಯ ವಾರ ರಾತ್ರಿ ಹನ್ನೊಂದರವರೆಗೆ ಕೂತು ಪ್ಲೇಟಿನ ಮೇಲೆ ಪ್ಲೇಟು ಹಾಕುವ ಆಸೆ ಎಲ್ಲ ವಿದ್ಯಾರ್ಥಿಗಳಿಗೂ ಬರುತ್ತದೆ. ಹಾಗೆ ಹಾಕಿದವು ನೀವು ಬಸ್ಸು ಹತ್ತಿದ ಮೇಲೆ ಬೆಳೆಯುತ್ತವೆ, ಓದುವವರಿಲ್ಲದೆ ಒಣಗುತ್ತವೆ. ಐದು ಪ್ಲೇಟಿಗೂ ಪ್ಯಾರಾಫಿಲ್ಮ್ (ಮೇಣದಂಥ ಹಿಗ್ಗುವ ಪಟ್ಟಿ) ಸುತ್ತಿ, ತಲೆಕೆಳಗಾಗಿ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಡಿ. ಕೆಲವು ವಾರ ಜೋಪಾನವಾಗಿರುತ್ತವೆ.

ಇಲ್ಲಿ ಬಹಳ ಮಂದಿ ತಪ್ಪುವ ಒಂದು ಸಂಗತಿ ಇದೆ. ನಿಮ್ಮ ಮಾಧ್ಯಮ ಕಾಂಗೋ ರೆಡ್ ಎಂಬ ಕೆಂಪು ಬಣ್ಣ ಬೆರೆಸಿದ ಯೀಸ್ಟ್ ಸಾರ-ಮ್ಯಾನಿಟಾಲ್ ಅಗರ್ (ಪ್ಲೇಟಿನಲ್ಲಿ ಗಟ್ಟಿಯಾಗುವ ಪೋಷಕ ಜೆಲ್ಲಿ) ಎಂದು ಬರೆದಿದ್ದೀರಿ. ಅದರ ಮೇಲೆ ರೈಜೋಬಿಯಂ ಕಾಲೊನಿ ಬಣ್ಣ ಹೀರದೆ ಬೆಳ್ಳಗೆ, ಅರೆಪಾರದರ್ಶಕವಾಗಿ, ಲೋಳೆಯಂತೆ ಹೊಳೆಯುತ್ತದೆ. ಬೇರೆ ಬಹಳಷ್ಟು ಬ್ಯಾಕ್ಟೀರಿಯಾ ಕೆಂಪಾಗುತ್ತವೆ. ಆದರೆ ಪ್ಲೇಟನ್ನು ಬೆಳಕಿನಲ್ಲಿಟ್ಟರೆ ರೈಜೋಬಿಯಂ ಕೂಡ ಬಣ್ಣ ಹೀರತೊಡಗುತ್ತದೆ. ಕೊನೆಯ ವಾರದ ಗಡಿಬಿಡಿಯಲ್ಲಿ ಪ್ಲೇಟುಗಳು ಕಿಟಕಿ ಪಕ್ಕದ ಮೇಜಿನ ಮೇಲೇ ಉಳಿದವೆನ್ನಿ, ಒಳ್ಳೆಯ ಕಾಲೊನಿಯೂ ಕೆಂಪೇರಿರುತ್ತದೆ. ಮುಂದೆ ಬರುವವರು 'ಇದು ಹಾಳಾಗಿದೆ' ಎಂದು ನಿಮ್ಮ ಎರಡು ತಿಂಗಳ ಶ್ರಮವನ್ನು ಕಸಕ್ಕೆ ಹಾಕುತ್ತಾರೆ. ಕಪ್ಪು ಕಾಗದ ಸುತ್ತಿ, ಅದರ ಮೇಲೆ 'ಬೆಳಕಿಗೆ ಇಡಬೇಡಿ' ಎಂದು ಬರೆಯಿರಿ.

ಹೆಸರು ಬರೆಯುವುದಕ್ಕೂ ಒಂದು ಕ್ರಮವಿದೆ. ಪ್ಲೇಟಿನಲ್ಲಿ ಅಗರ್ ಇರುವ ತಳಭಾಗದ ಮೇಲೆ ಬರೆಯಿರಿ, ಮುಚ್ಚಳಗಳು ಅದಲುಬದಲಾಗುತ್ತವೆ. ವಯಲಿನಲ್ಲೂ ಮುಚ್ಚಳ ನಂಬಬೇಡಿ, ಮೈ ಮೇಲೆ ಬರೆಯಿರಿ. ಮಾಮೂಲಿ ಮಾರ್ಕರ್ ಅಕ್ಷರ ಸ್ಪಿರಿಟ್ ತಾಕಿದ ಕೂಡಲೇ ಅಳಿಸಿಹೋಗುತ್ತದೆ, ಮಾಮೂಲಿ ಅಂಟುಚೀಟಿ ಮೈನಸ್ 80ರಲ್ಲಿ ಉದುರಿಬೀಳುತ್ತದೆ. ವಯಲಿನ ಮೇಲೆ ಒರಟು ಬಿಳಿ ಪಟ್ಟಿ ಇದ್ದರೆ ಪೆನ್ಸಿಲ್ಲೇ ಒಳ್ಳೆಯದು. ಬರೀ 1, 2, 3 ಎಂದು ಸಂಖ್ಯೆ ಕೊಡಬೇಡಿ, ಹೋದ ವರ್ಷದ ಇಂಟರ್ನ್ ಕೂಡ ಅದನ್ನೇ ಕೊಟ್ಟಿರುತ್ತಾರೆ. ಊರಿನ ಮೊದಲಕ್ಷರ, ಕುಂಡದ ಸಂಖ್ಯೆ, ಗಂಟಿನ ಸಂಖ್ಯೆ, ತಾರೀಖು, ನಿಮ್ಮ ಇನಿಷಿಯಲ್ ಇರಲಿ. ಫ್ರೀಜರ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂಬತ್ತಕ್ಕೆ ಒಂಬತ್ತು, ಅಂದರೆ 81 ಮನೆ ಇರುತ್ತವೆ. ಯಾವ ಸಾಲಿನ ಎಷ್ಟನೇ ಮನೆಯಲ್ಲಿ ಏನಿದೆ ಎಂಬ ನಕ್ಷೆ ಬರೆದು ನೋಟ್‌ಬುಕ್ಕಿಗೆ ಒಂದು, ಫ್ರೀಜರ್ ಬಾಗಿಲಿಗೆ ಒಂದು ಪ್ರತಿ ಅಂಟಿಸಿ. ನಕ್ಷೆ ಇಲ್ಲದಿದ್ದರೆ ಒಂದು ವಯಲ್ ಹುಡುಕಲು ಇಡೀ ಡಬ್ಬಿ ಹೊರಗೆ ತೆಗೆಯಬೇಕು. ಹಾಗೆ ಪದೇ ಪದೇ ಕರಗಿ ಗಟ್ಟಿಯಾಗುವುದರಿಂದಲೇ ದಾಸ್ತಾನು ಸಾಯುತ್ತದೆ.

ನೋಟ್‌ಬುಕ್ ಲ್ಯಾಬಿನದು, ಅಲ್ಲೇ ಬಿಟ್ಟು ಬನ್ನಿ. ಸ್ಕ್ಯಾನ್ ಬೇಕಿದ್ದರೆ ಮೇಡಂ ಅನುಮತಿ ಕೇಳಿ. ಕೊನೆಯ ಪುಟಕ್ಕೆ 'ನಿಂತ ಜಾಗ' ಎಂದು ತಲೆಬರಹ ಕೊಟ್ಟು ಮೂರು ವಿಷಯ ಬರೆಯಿರಿ: ಯಾವುದು ಮುಗಿದಿದೆ, ಯಾವುದು ಎಲ್ಲಿಗೆ ನಿಂತಿದೆ, ಯಾವುದು ಕೆಟ್ಟಿತು ಮತ್ತು ಯಾಕೆ. ಮೂರನೆಯದನ್ನು ಮುಚ್ಚಿಡುವವರೇ ಜಾಸ್ತಿ. ಗಂಟಿನ ಮೇಲ್ಮೈ ಶುದ್ಧಿ ಮಾಡುವಾಗ ಹೈಪೋಕ್ಲೋರೈಟಿನಲ್ಲಿ (ಬ್ಲೀಚ್ ದ್ರಾವಣ) ಎಷ್ಟು ನಿಮಿಷ ಇಟ್ಟಿರಿ, ಶುದ್ಧ ನೀರಿನಲ್ಲಿ ಎಷ್ಟು ಸಲ ತೊಳೆದಿರಿ, ಕೊನೆಯ ತೊಳೆದ ನೀರನ್ನು ಪ್ಲೇಟಿಗೆ ಹಾಕಿ ಪರೀಕ್ಷಿಸಿದಿರಾ? ಐದು ಪ್ಲೇಟು ಮಿಶ್ರವಾಗಿದ್ದಕ್ಕೆ ಕಾರಣ ಬಹುಶಃ ಅಲ್ಲೇ ಇದೆ. ಆರು ಸಲ ತೊಳೆಯಬೇಕಾದ ಕಡೆ ಮೂರೇ ಸಲ ತೊಳೆದಿದ್ದರೆ ಹಾಗೇ ಬರೆಯಿರಿ. ಮುಂದಿನವರಿಗೆ ಒಂದು ತಿಂಗಳು ಉಳಿಯುತ್ತದೆ.

ವರದಿಯಲ್ಲಿ 'ರೈಜೋಬಿಯಂ ಬೇರ್ಪಡಿಸಲಾಯಿತು' ಎಂದು ಬರೆಯಬೇಡಿ. ಗಿಡದ ಮೇಲೆ ಪರೀಕ್ಷೆ ಆಗಿಲ್ಲ, ಕಾಂಗೋ ರೆಡ್ ಮೇಲೆ ಬೆಳ್ಳಗೆ ಕಾಣುವುದು ಸಾಕ್ಷಿ ಆಗುವುದಿಲ್ಲ, ಮಣ್ಣಿನ ಇನ್ನೊಂದು ಬ್ಯಾಕ್ಟೀರಿಯಾ ಅಗ್ರೋಬ್ಯಾಕ್ಟೀರಿಯಂ ಕೂಡ ಅಲ್ಲಿ ಹತ್ತಿರ ಹತ್ತಿರ ಹಾಗೇ ಕಾಣುತ್ತದೆ. 'ರೈಜೋಬಿಯಂ ಇರಬಹುದಾದ ಏಳು ಐಸೊಲೇಟ್, ಗಂಟು ಕಟ್ಟುವ ಪರೀಕ್ಷೆ ಬಾಕಿ' ಎಂದರೆ ಸಾಕು, ಓದಿದ ತಜ್ಞರಿಗೆ ನಿಮ್ಮ ಮೇಲೆ ಗೌರವ ಹೆಚ್ಚುತ್ತದೆ.

ಕಂಪ್ಯೂಟರಿನ ಕಡೆ: ಗ್ರಾಫ್ ಮಾತ್ರ ಸಾಲದು, ಉಪಕರಣದಿಂದ ಬಂದ ಮೂಲ ಅಂಕಿಯ ಫೈಲೂ ಲ್ಯಾಬಿನ ಫೋಲ್ಡರಿನಲ್ಲಿರಬೇಕು. ನಿಮ್ಮ ಕಾಲೇಜಿನ ಇಮೇಲ್ ಖಾತೆಯ ಡ್ರೈವಿನಲ್ಲಿ ಇಟ್ಟಿದ್ದರೆ ಮಾಲೀಕತ್ವವನ್ನು ಅಕ್ಕನ ಹೆಸರಿಗೆ ಬದಲಾಯಿಸಿ, ಡಿಗ್ರಿ ಮುಗಿದು ಖಾತೆ ಮುಚ್ಚಿದ ದಿನ ಫೈಲುಗಳೂ ಹೋಗುತ್ತವೆ.

ಹಳೆಯ ಪ್ಲೇಟುಗಳನ್ನು ನೀವೇ ವಿಲೇವಾರಿ ಮಾಡಿ, ಅಟೆಂಡರ್ ಅಣ್ಣನ ತಲೆಗೆ ಕಟ್ಟಬೇಡಿ. ಮಾಧ್ಯಮಕ್ಕೆ 121 ಡಿಗ್ರಿಯಲ್ಲಿ 15–20 ನಿಮಿಷ ಸಾಕಾದರೂ ಕಸದ ಚೀಲಕ್ಕೆ ಅರ್ಧ ಗಂಟೆಗೆ ಕಡಿಮೆ ಇಡಬಾರದು. ಒತ್ತಾಗಿ ತುಂಬಿದ ಚೀಲದ ಒಳಗೆ ಗಾಳಿ ಸಿಕ್ಕಿಕೊಂಡು ಹಬೆ ನಡುವಿಗೆ ತಲುಪುವುದಿಲ್ಲ. ಮುಕ್ಕಾಲು ಭಾಗ ಮಾತ್ರ ತುಂಬಿ, ಬಾಯಿ ಸಡಿಲ ಬಿಡಿ. ಗಂಟು ತೊಳೆಯಲು ಎಲ್ಲಾದರೂ ಮರ್ಕ್ಯುರಿಕ್ ಕ್ಲೋರೈಡ್ ಬಳಸಿದ್ದರೆ ಅದು ಪಾದರಸದ ವಿಷ, ಒಂದು ಹನಿಯೂ ಸಿಂಕಿಗೆ ಬೀಳಬಾರದು, ಬಾಟಲಿಗೆ ಹೆಸರು ಬರೆದು ಲ್ಯಾಬಿನ ಹೊಣೆ ಹೊತ್ತವರ ಕೈಗೆ ಕೊಡಿ.

ಇನ್ನು ಶಾಲು, ಹಾರ. ಬೇಡ. ಎರಡು ತಿಂಗಳು ಕಲಿತ ವಿದ್ಯಾರ್ಥಿನಿಯಿಂದ ಬೆಲೆ ಬಾಳುವ ಉಡುಗೊರೆ ಪಡೆಯುವುದು ಯಾವ ಗೈಡ್‌ಗೂ ಇರುಸುಮುರುಸು, ಅದರಲ್ಲೂ ಶಿಫಾರಸು ಪತ್ರ ಕೇಳುವವರಿದ್ದಾಗ. ಕೈಯಲ್ಲಿ ಬರೆದ ನಾಲ್ಕು ಸಾಲು ಸಾಕು, ಅದರಲ್ಲಿ ಅವರು ಕಲಿಸಿದ ಒಂದು ನಿರ್ದಿಷ್ಟ ಸಂಗತಿ ಇರಲಿ. 'ಗಂಟನ್ನು ಉಗುರಿನಿಂದ ಸೀಳಿ ಒಳಗಿನ ಗುಲಾಬಿ ಬಣ್ಣ ನೋಡಿದ ಮೇಲೇ ಪ್ಲೇಟಿಗೆ ಹಾಕು ಅಂದಿರಿ, ಇನ್ನು ಮರೆಯುವುದಿಲ್ಲ' ಎಂಬಂಥದ್ದು. ಎಲ್ಲರಿಗೂ ಏನಾದರೂ ಕೊಡಲೇಬೇಕೆನಿಸಿದರೆ ದಾವಣಗೆರೆಯಲ್ಲಿದ್ದೀರಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ ತರಿಸಿ. ಹನ್ನೆರಡು ಜನಕ್ಕೆ ಅರ್ಧ ಕೆ.ಜಿ. ಮಂಡಕ್ಕಿ, ತಲೆಗೆ ಎರಡು ಮೆಣಸಿನಕಾಯಿ ಧಾರಾಳ. ಎಲ್ಲರೂ ಕೂತ ಮೇಲೆ ಕಲಸಿ, ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ಲ್ಯಾಬಿನ ಒಳಗೆ ಮಾತ್ರ ಬೇಡ, ಹೊರಗಿನ ಕಟ್ಟೆಯ ಮೇಲೆ. ಗಾಜು ತೊಳೆಯುವ ಅಕ್ಕನನ್ನೂ ವಾಚ್‌ಮನ್ ತಾತನನ್ನೂ ಹೆಸರು ಹಿಡಿದು ಕರೆಯಿರಿ. ಎರಡು ತಿಂಗಳು ನಿಮಗೆ ಶುದ್ಧ ಫ್ಲಾಸ್ಕ್ ಸಿಕ್ಕಿದ್ದು ಅವರಿಂದ.

ಶಿಫಾರಸು ಪತ್ರ ಖಂಡಿತ ಕೇಳಬಹುದು, ಆದರೆ ಕೊನೆಯ ದಿನ ಬಾಗಿಲಲ್ಲಿ ನಿಂತು ಕೇಳಬೇಡಿ. ಒಂದು ವಾರ ಮುಂಚೆ, ಎದುರಿಗೆ ಕೂತು, 'ಮೇಡಂ, ನನ್ನ ಕೆಲಸ ನೋಡಿ ಬರೆಯಬಹುದು ಅನ್ನಿಸಿದರೆ, ಮುಂದೆ ಅರ್ಜಿ ಹಾಕುವಾಗ ಕೇಳಬಹುದಾ?' ಎನ್ನಿ. ಇಲ್ಲ ಎನ್ನಲು ಅವರಿಗೂ ಜಾಗ ಇರಬೇಕು. ಒಪ್ಪಿದರೆ ನೀವು ಮಾಡಿದ ಕೆಲಸದ ಒಂದು ಪುಟ ಕೊಟ್ಟಿರಿ. ನಾಲ್ಕು ತಿಂಗಳ ಮೇಲೆ ಬರೆಯಲು ಕೂತಾಗ ನಿಮ್ಮ ಮುಖ ನೆನಪಿದ್ದರೂ ಏಳು ಐಸೊಲೇಟಿನ ವಿವರ ನೆನಪಿರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅಧ್ಯಾಪಕರ ಶಿಫಾರಸು ಬೇಕಾಗುತ್ತದೆ, ಮುಂದಿನ ವರ್ಷ ನೋಡಿ. ಪ್ರಮಾಣಪತ್ರ ಬೇರೆಯದು. ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ನಿಮ್ಮ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ಇದೆಯೇ, ಎರಡೂ ತಾರೀಖು ಸರಿಯಿವೆಯೇ ನೋಡಿಕೊಳ್ಳಿ. ಊರಿಗೆ ಹೋದ ಮೇಲೆ ತಿದ್ದಿಸುವುದು ತೊಂದರೆ.

ಅಕ್ಕನ ವಿಷಯ. ಅಳು ಬಂದರೆ ಅಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ದಿನಾ ಮೆಸೇಜ್ ಮಾಡುತ್ತೇನೆಂದು ಮಾತು ಕೊಡಬೇಡಿ, ಪಿಎಚ್‌ಡಿ ಮಾಡುವವರಿಗೆ ಪುರುಸೊತ್ತು ಕಡಿಮೆ, ಉತ್ತರ ಬಾರದಿದ್ದರೆ ನಿಮಗೇ ನೋವು. ಅದರ ಬದಲು ಒಂದು ಕೆಲಸ ಹೇಳುತ್ತೇವೆ, ಮೊದಲು ಅಕ್ಕನನ್ನು ಕೇಳಿ, ಅವರು ಹೂಂ ಅಂದರೆ ಮಾಡಿ.

ಚಳ್ಳಕೆರೆ ಕಡೆ ಮುಂಗಾರಿನ ಶೇಂಗಾ ಬಿತ್ತನೆ ಈಗಷ್ಟೇ ನಡೆಯುತ್ತಿದೆ. ಬಿತ್ತನೆಯಾಗಿ ಹೂ ಕಟ್ಟುವ ನಲವತ್ತೈದು ದಿನದ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಗೆ, ಹೊಲದ ಗಿಡದಲ್ಲಿ ಗಂಟು ತುಂಬಿರುತ್ತದೆ. ಕೊಯ್ಲಿನವರೆಗೆ ಕಾದರೆ ಗಂಟು ಮುದಿಯಾಗಿ ಒಳಗೆಲ್ಲ ಹಸಿರು, ಕಂದು. ಗಿಡ ಎಳೆದು ಕೀಳಬೇಡಿ, ಗಂಟೆಲ್ಲ ಮಣ್ಣಿನಲ್ಲೇ ಉಳಿಯುತ್ತದೆ. ಬುಡದಿಂದ ಒಂದು ಗೇಣು ದೂರ ಸುತ್ತ ಅಗೆದು, ಇಪ್ಪತ್ತು ಸೆಂ.ಮೀ. ಆಳದಿಂದ ಮಣ್ಣುಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ ಬಿಡಿಸಿ. ಗಂಟಿನ ಎರಡೂ ಕಡೆ ಅರ್ಧ ಸೆಂ.ಮೀ. ಬೇರು ಬಿಟ್ಟು ಕತ್ತರಿಸಿ, ನೀರು ಒರೆಸಿ. ಮುಚ್ಚಳದ ಸಣ್ಣ ಬಾಟಲಿಯ ತಳಕ್ಕೆ ತೇವ ಹೀರುವ ಸಿಲಿಕಾ ಜೆಲ್, ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಹತ್ತು ಹನ್ನೆರಡು ಗಂಟು. ಹೊರಗೆ ಹೊಲದ ಹೆಸರು, ಬಿತ್ತಿದ ತಾರೀಖು, ಕಿತ್ತ ತಾರೀಖು. ಸಿಲಿಕಾ ಜೆಲ್ಲನ್ನು ಹೊರಡುವ ಮುಂಚೆ ಲ್ಯಾಬಿನಿಂದಲೇ ಒಂದು ಹಿಡಿ ಕೇಳಿ ತೆಗೆದುಕೊಳ್ಳಿ. ಸೆಪ್ಟೆಂಬರಿನಲ್ಲಿ ದಾವಣಗೆರೆಗೆ ಬರುವ ಕೆಲಸ ಬಿದ್ದಾಗ ಬಾಟಲಿ ತನ್ನಿ, ಅಷ್ಟರಲ್ಲಿ ನಿಮ್ಮ ಏಳನ್ನು ಹಾಕಿದ ಕುಂಡಗಳಲ್ಲಿ ಯಾವುದಕ್ಕೆ ಗಂಟು ಬಂತು ಎಂದು ಅಕ್ಕನೇ ತೋರಿಸಬಹುದು.